ವೈರ್ ಹೋಯ್ತು, ಬೇಲಿ ಉಳೀತು

ಗೇಮ್ ಕನ್ಸೋಲಿನ ಕಂಟ್ರೋಲರನ್ನ ಲ್ಯಾಪ್‌ಟಾಪಿಗೆ ಜೋಡಿಸೋದು ಇವತ್ತು ಎರಡು ಗುಂಡಿ ಒತ್ತುವಷ್ಟು ಕೆಲಸ. ಬ್ಲೂಟೂತ್ ಆನ್ ಮಾಡಿ, ಪೇರ್ ಅಂತ ಒತ್ತಿದರೆ ಮುಗೀತು. ಹದಿನೈದು ವರ್ಷದ ಹಿಂದೆ ಇದೇ ಕೆಲಸಕ್ಕೆ ಒಂದು ಶನಿವಾರ ಪೂರ್ತಿ ಹೋಗ್ತಿತ್ತು. ನಡುವೆ ಬದಲಾಗಿದ್ದು ರೇಡಿಯೋ ಚಿಪ್ಪು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನನಗೆ ಹಾಗನ್ನಿಸಲ್ಲ. ದುಡ್ಡು ಕೊಟ್ಟು ಮನೆಗೆ ತಂದ ವಸ್ತು ಯಾರ ಜೊತೆ ಮಾತಾಡಬೇಕು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ, ಆ ಲೆಕ್ಕ ಬದಲಾಯ್ತು. ಅದೂ ಪೂರ್ತಿ ಬದಲಾಗಿಲ್ಲ.

ಮೊದಲು ವೈರಿನ ಕಾಲ. 1981ರಲ್ಲಿ ಐಬಿಎಂ ಪಿಸಿ ಬಂದಾಗಲೇ ಅದಕ್ಕೊಂದು ಗೇಮ್ ಪೋರ್ಟಿನ ಕಾರ್ಡ್ ಸಿಗ್ತಿತ್ತು. ಹದಿನೈದು ಪಿನ್ನಿನ ಈ ಪೋರ್ಟು ಆಮೇಲೆ ಸೌಂಡ್ ಕಾರ್ಡಿನ ಬೆನ್ನಿಗೆ ಅಂಟಿಕೊಂಡು ಇಪ್ಪತ್ತು ವರ್ಷ ಬಾಳಿತು. ಜಾಯ್‌ಸ್ಟಿಕ್ ಎಷ್ಟು ವಾಲಿದೆ ಅಂತ ತಿಳಿಯೋಕೆ ಅದು ಮಾಡ್ತಿದ್ದ ಉಪಾಯ ವಿಚಿತ್ರ: ಒಂದು ಕೆಪಾಸಿಟರಿಗೆ ಚಾರ್ಜ್ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಪ್ರೊಸೆಸರ್ ಕೂತು ಎಣಿಸಬೇಕಿತ್ತು. ತೊಟ್ಟಿಗೆ ನೀರು ತುಂಬೋ ಹೊತ್ತು ನೋಡಿ ನಲ್ಲಿ ಎಷ್ಟು ತಿರುಗಿಸಿದ್ದಾರೆ ಅಂತ ಹೇಳಿದ ಹಾಗೆ. ಆದ್ದರಿಂದಲೇ ಹಳೇ ಆಟಗಳು ಶುರುವಾಗೋ ಮೊದಲು ಜಾಯ್‌ಸ್ಟಿಕ್ಕನ್ನ ನಾಲ್ಕೂ ಮೂಲೆಗೆ ತಳ್ಳಿಸಿ ಕ್ಯಾಲಿಬ್ರೇಟ್ ಮಾಡಿಸ್ತಿದ್ದವು.

ಕನ್ಸೋಲಿನ ಪ್ಯಾಡುಗಳದ್ದು ಬೇರೆ ಜಾತಿ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಕಡೆ ಬಂದ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡ್ತಿದ್ದ ಟೀವಿ ಗೇಮ್ ನೆನಪಿದೆಯಲ್ಲ? ಅವೆಲ್ಲ ನಿಂಟೆಂಡೋ ಯಂತ್ರದ ನಕಲುಗಳು. ಅಸಲಿ ನಿಂಟೆಂಡೋ ಪ್ಯಾಡಿನೊಳಗೆ ಇದ್ದದ್ದು ಒಂದೇ ಒಂದು ಸಣ್ಣ ಶಿಫ್ಟ್ ರಿಜಿಸ್ಟರ್ ಚಿಪ್ಪು. ಯಂತ್ರ ಒಂದು ಸಲ ತಟ್ಟಿದರೆ ಎಂಟು ಗುಂಡಿಗಳ ಸ್ಥಿತಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ, ಆಮೇಲೆ ತಟ್ಟಿದ ಹಾಗೆಲ್ಲ ಒಂದೊಂದಾಗಿ ಒಪ್ಪಿಸುತ್ತೆ. ಬೇಕಾಗಿದ್ದದ್ದು ಐದೇ ವೈರು. ಇದನ್ನ ಅರ್ಥ ಮಾಡಿಕೊಂಡವರು ಪ್ಯಾಡಿನ ವೈರನ್ನ ಕತ್ತರಿಸಿ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಬೆಸುಗೆ ಹಾಕಿದರು, ಕರೆಂಟನ್ನೂ ಅದೇ ಪೋರ್ಟಿನ ಪಿನ್ನುಗಳಿಂದ ಕದ್ದರು. ವಿಂಡೋಸಿಗೆ ಡೈರೆಕ್ಟ್‌ಪ್ಯಾಡ್ ಪ್ರೋ ಅಂತ ಡ್ರೈವರ್ ಇತ್ತು. ಲಿನಕ್ಸ್ ಕರ್ನಲ್ಲಿನಲ್ಲಿ ಗೇಮ್‌ಕಾನ್ ಅನ್ನೋ ಡ್ರೈವರೇ ಬಂತು. ಕಂಪನಿಯವರನ್ನ ಯಾರೂ ಕೇಳಲಿಲ್ಲ, ಕೇಳೋ ಅಗತ್ಯವೂ ಬರಲಿಲ್ಲ. ವೈರ್ ಕಣ್ಣಿಗೆ ಕಾಣೋ ವಸ್ತು. ಮಲ್ಟಿಮೀಟರ್ ಇದ್ದರೆ ಅದರ ಗುಟ್ಟು ಬಿಡಿಸಬಹುದು.

ಗಾಳಿಯಲ್ಲಿ ಹೋಗೋ ಮಾತಿನ ಗುಟ್ಟು ಬಿಡಿಸೋದು ಅಷ್ಟು ಸಲೀಸಲ್ಲ.

2002ರಲ್ಲಿ ನಿಂಟೆಂಡೋ ತನ್ನ ಗೇಮ್‌ಕ್ಯೂಬಿಗೆ ವೇವ್‌ಬರ್ಡ್ ಅನ್ನೋ ವೈರ್‌ಲೆಸ್ ಕಂಟ್ರೋಲರ್ ತಂತು. ಅದಕ್ಕೆ ಮೊದಲಿನ ಬಹುತೇಕ ವೈರ್‌ಲೆಸ್ ಪ್ಯಾಡುಗಳು ಟೀವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ನಂಬಿಕೊಂಡಿದ್ದವು, ನಡುವೆ ಯಾರಾದರೂ ಹಾದುಹೋದರೆ ಮಾರಿಯೋ ಗುಂಡಿಗೆ ಬೀಳ್ತಿದ್ದ. ವೇವ್‌ಬರ್ಡ್ 2.4 ಗಿಗಾಹರ್ಟ್ಸ್ ರೇಡಿಯೋ ಬಳಸ್ತು. ಎರಡು ಪೆನ್ಸಿಲ್ ಸೆಲ್ಲು, ಹದಿನಾರು ಚಾನೆಲ್ಲಿನ ಒಂದು ಚಕ್ರ. ಸೆಲ್ ಉಳಿಸೋಕೆ ಅಂತ ಕೈಯಲ್ಲಿ ನಡುಗೋ ಮೋಟಾರನ್ನೇ ಕೈಬಿಟ್ಟಿದ್ದರು. ಅದರ ರಿಸೀವರ್ ಕನ್ಸೋಲಿನ ಮಾಮೂಲಿ ಸಾಕೆಟ್ಟಿಗೇ ಚುಚ್ಚಿಕೊಳ್ಳುತ್ತಿದ್ದರಿಂದ, ಗೇಮ್‌ಕ್ಯೂಬಿನಿಂದ ಯುಎಸ್‌ಬಿಗೆ ಬದಲಿಸೋ ಒಂದು ಅಡಾಪ್ಟರ್ ಇದ್ದರೆ ಕಂಪ್ಯೂಟರಿಗೂ ಆಗ್ತಿತ್ತು. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಶುರುವಾಗಿದ್ದು 2005, 2006ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಮೂರು ಕನ್ಸೋಲ್ ಬಂದವು, ಮೂರೂ ವೈರನ್ನ ಕಿತ್ತು ಹಾಕಿದವು, ಮೂವರ ಬುದ್ಧಿಯೂ ಬೇರೆ ಬೇರೆ.

ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ರ ಕಂಟ್ರೋಲರ್ ಕಂಪನಿಯದ್ದೇ ಗುಟ್ಟಿನ ರೇಡಿಯೋ ಭಾಷೆ ಆಡ್ತಿತ್ತು. ಬ್ಲೂಟೂತ್ ಅಲ್ಲ. ವಿಂಡೋಸ್ ಮಾಡಿದವರೂ ಅವರೇ, ಕಂಟ್ರೋಲರ್ ಮಾಡಿದವರೂ ಅವರೇ, ಆದರೂ ಒಂದು ಇನ್ನೊಂದರ ಜೊತೆ ಮಾತಾಡಬೇಕಾದರೆ 2007ರಲ್ಲಿ ಬಂದ ಪ್ರತ್ಯೇಕ ರಿಸೀವರ್ ಕೊಳ್ಳಬೇಕಿತ್ತು! ಇನ್ನೊಂದು ಮಜಾ: ಆ ಕಂಟ್ರೋಲರಿಗೆ ಚಾರ್ಜಿಂಗ್ ಕೇಬಲ್ ಅಂತ ಒಂದು ಮಾರ್ತಿದ್ದರು. ಅದರ ತುದಿ ಯುಎಸ್‌ಬಿ. ಕಂಪ್ಯೂಟರಿಗೆ ಚುಚ್ಚಿದರೆ ಚಾರ್ಜ್ ಆಗ್ತಿತ್ತು, ಗುಂಡಿ ಒತ್ತಿದ ಸುದ್ದಿ ಮಾತ್ರ ಆ ವೈರಿನಲ್ಲಿ ಹೋಗ್ತಿರಲಿಲ್ಲ. ಪೈಪಿದೆ, ನೀರಿಲ್ಲ. ಎಷ್ಟು ಜನ ಆ ಕೇಬಲ್ ತಗೊಂಡು ಹಣೆ ಚಚ್ಚಿಕೊಂಡರೋ.

ಸೋನಿಯ ಪಿಎಸ್3 ಬ್ಲೂಟೂತನ್ನೇ ಬಳಸ್ತು. ಸರಿ, ಲ್ಯಾಪ್‌ಟಾಪಲ್ಲೂ ಬ್ಲೂಟೂತ್ ಇದೆಯಲ್ಲ ಅಂತ ಹುಡುಕಿದರೆ ಕಂಟ್ರೋಲರ್ ಪಟ್ಟಿಯಲ್ಲಿ ಕಾಣಲೇ ಕಾಣದು. ಯಾಕಂದ್ರೆ ಅದರ ಪೇರಿಂಗ್ ಗಾಳಿಯಲ್ಲಿ ಆಗ್ತಿರಲಿಲ್ಲ. ಮೊದಲ ಸಲ ಯುಎಸ್‌ಬಿ ವೈರಿನಲ್ಲಿ ಕನ್ಸೋಲಿಗೆ ಚುಚ್ಚಿದಾಗ, ಕನ್ಸೋಲ್ ತನ್ನ ಬ್ಲೂಟೂತ್ ವಿಳಾಸವನ್ನ ಕಂಟ್ರೋಲರಿನ ಒಳಗೆ ಬರೆದುಬಿಡ್ತಿತ್ತು. ನಾಮಕರಣದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರ್ತಾರಲ್ಲ, ಹಾಗೆ. ಆಮೇಲೆ ನಡುವಿನ ಗುಂಡಿ ಒತ್ತಿದಾಗೆಲ್ಲ ಅದು ಆ ಒಂದೇ ಹೆಸರನ್ನ ಕೂಗ್ತಿತ್ತು. ಪಕ್ಕದಲ್ಲಿರೋ ಲ್ಯಾಪ್‌ಟಾಪ್ ಅದರ ಪಾಲಿಗೆ ಇಲ್ಲವೇ ಇಲ್ಲ. ಹವ್ಯಾಸಿಗಳು ಯುಎಸ್‌ಬಿಯಲ್ಲಿ ಹೋಗೋ ಮಾತನ್ನ ಕದ್ದು ಕೇಳಿ ಇದನ್ನ ಪತ್ತೆ ಹಚ್ಚಿದರು. ಲಿನಕ್ಸಿಗೆ ಸಿಕ್ಸ್‌ಪೇರ್ ಅಂತ ಒಂದು ಪುಟ್ಟ ಪ್ರೋಗ್ರಾಮ್ ಬಂತು. ಅದರ ಕೆಲಸ ಇಷ್ಟೇ: ಕೂಸಿನ ಕಿವಿಯಲ್ಲಿ ಕನ್ಸೋಲಿನ ಹೆಸರು ಅಳಿಸಿ ನಿಮ್ಮ ಕಂಪ್ಯೂಟರಿನ ಹೆಸರು ಹೇಳೋದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಚೆಂದದ ಕೆಲಸ ಇನ್ನೊಂದಿಲ್ಲ.

ಮೂರನೆಯದು ನಿಂಟೆಂಡೋ ವೀ. ಅದರ ರಿಮೋಟ್ ಬ್ಲೂಟೂತಿನ ದಾರಿಯಲ್ಲೇ ನಡೀತು. 1 ಮತ್ತು 2 ಅನ್ನೋ ಗುಂಡಿ ಒಟ್ಟಿಗೆ ಒತ್ತಿದರೆ ಯಾವ ಕಂಪ್ಯೂಟರಿಗಾದರೂ ಕಾಣಿಸ್ತಿತ್ತು. ತುದಿಯಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ, ಏಕಕಾಲಕ್ಕೆ ನಾಲ್ಕು ಬೆಳಕಿನ ಚುಕ್ಕೆಗಳನ್ನ ಹಿಂಬಾಲಿಸೋವಂಥದ್ದು. ಟೀವಿ ಮೇಲಿಡೋ 'ಸೆನ್ಸರ್ ಬಾರ್' ಹೆಸರಿಗೆ ಮಾತ್ರ ಸೆನ್ಸರ್; ಒಳಗಿದ್ದದ್ದು ಬರೀ ಇನ್‌ಫ್ರಾರೆಡ್ ಎಲ್‌ಇಡಿಗಳು. ಅದರ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ಆಟ ನಡೀತಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದ ಜಾನಿ ಲೀ 2007ರಲ್ಲಿ ಇದನ್ನ ತಲೆಕೆಳಗು ಮಾಡಿದ. ರಿಮೋಟನ್ನ ಒಂದು ಕಡೆ ಗಟ್ಟಿಯಾಗಿ ಇಟ್ಟ, ಬೆಳಕನ್ನ ಕೈಯಲ್ಲಿ ಹಿಡಿದ. ಪೆನ್ನಿನ ತುದಿಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಕಟ್ಟಿ ಪ್ರೊಜೆಕ್ಟರ್ ಬೆಳಕು ಬಿದ್ದ ಗೋಡೆ ಮೇಲೆ ಬರೆದರೆ, ಬರೆದದ್ದು ಕಂಪ್ಯೂಟರಿನಲ್ಲಿ ಮೂಡ್ತಿತ್ತು. ಸಾವಿರ ಡಾಲರಿನ ಮೇಲೆ ಬಾಳೋ ಇಂಟರಾಕ್ಟಿವ್ ವೈಟ್‌ಬೋರ್ಡನ್ನ ನಲವತ್ತು ಡಾಲರಿನ ಆಟಿಕೆ ಕೊಡ್ತು. ಸಾಫ್ಟ್‌ವೇರನ್ನ ಆತ ಪುಕ್ಕಟೆ ಹಂಚಿದ. ಅದೇ ರಿಮೋಟಿಗೆ ಸೋನಿಯವರ ಹಾಗೆ ಗುಟ್ಟಿನ ನಾಮಕರಣ ಇದ್ದಿದ್ದರೆ ಈ ಬೋರ್ಡು ಬರೋದು ಇನ್ನೆಷ್ಟು ತಡವಾಗ್ತಿತ್ತೋ.

ವಿಂಡೋಸ್ ಕಡೆ ಇನ್ನೊಂದು ಬೇಲಿ ಎದ್ದಿತ್ತು. 360ರ ಜೊತೆಗೇ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ಅನ್ನೋ ಹೊಸ ಎಪಿಐ ತಂತು. ಹಳೇ ಡೈರೆಕ್ಟ್‌ಇನ್‌ಪುಟ್‌ಗಿಂತ ಸರಳ, ಕೋಡ್ ಬರೆಯೋರಿಗೆ ಖುಷಿ. ಆದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ನಮೂನೆಯ ಕಂಟ್ರೋಲರ್. ಹಾಗಾಗಿ ಸೋನಿ ಕಂಟ್ರೋಲರನ್ನ ಹೇಗೋ ಜೋಡಿಸಿದ ಮೇಲೂ ಎಷ್ಟೋ ಆಟಗಳಿಗೆ ಅದು ಕಾಣಿಸ್ತಿರಲಿಲ್ಲ. ಎಸ್‌ಸಿಪಿ, ಆಮೇಲೆ ಡಿಎಸ್4ವಿಂಡೋಸ್ ಎಲ್ಲ ಮಾಡಿದ್ದು ವೇಷ ಹಾಕಿಸೋ ಕೆಲಸ: ಸೋನಿ ಪ್ಯಾಡಿಗೆ 360ರ ಬಣ್ಣ ಬಳಿದು ರಂಗಕ್ಕೆ ಬಿಡೋದು. ಚೌಕ ಒತ್ತಬೇಕಾದಲ್ಲಿ ಪರದೆ ಮೇಲೆ 'ಎಕ್ಸ್ ಒತ್ತಿ' ಅಂತ ಬರ್ತಿತ್ತು, ಆ ಗೊಂದಲ ಇವತ್ತಿಗೂ ಪೂರ್ತಿ ಹೋಗಿಲ್ಲ.

ಬೇಲಿ ಸಡಿಲವಾಗಿದ್ದು ನಿಧಾನಕ್ಕೆ. 2013ರ ಡ್ಯುಯಲ್‌ಶಾಕ್ 4ರಲ್ಲಿ ಶೇರ್ ಮತ್ತು ನಡುವಿನ ಗುಂಡಿ ಒಟ್ಟಿಗೆ ಹಿಡಿದರೆ ಮಾಮೂಲಿ ಬ್ಲೂಟೂತ್ ಪೇರಿಂಗ್ ಆಯ್ತು. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಬ್ಲೂಟೂತ್ ಬಂದಿದ್ದು 2016ರಲ್ಲಿ. ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೆ ಒಂದು ಗುರುತು: ಹೊಳೆಯೋ ಎಕ್ಸ್‌ಬಾಕ್ಸ್ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ಕು ಮೇಲುಗಡೆ ಬೇರೆ ತುಂಡಾಗಿದ್ದರೆ ಬ್ಲೂಟೂತ್ ಇಲ್ಲ, ಮುಂಭಾಗದ ಜೊತೆ ಒಂದೇ ತುಂಡಾಗಿದ್ದರೆ ಇದೆ. 2021ರಲ್ಲಂತೂ ಸೋನಿಯವರೇ ಲಿನಕ್ಸ್ ಕರ್ನಲ್ಲಿಗೆ ಹೊಸ ಡ್ರೈವರ್ ಬರೆದುಕೊಟ್ಟರು.

ಬೇಲಿ ಹಾಕಿದವರ ಮನೆಯೇ ಮುಚ್ಚಿದರೆ ಏನಾಗುತ್ತೆ? ಅದಕ್ಕೂ ಉದಾಹರಣೆ ಇದೆ. ಗೂಗಲ್ 2019ರಲ್ಲಿ ಸ್ಟೇಡಿಯಾ ಅನ್ನೋ ಗೇಮಿಂಗ್ ಸೇವೆ ಶುರು ಮಾಡಿತು. ಭಾರತಕ್ಕೆ ಅದು ಬರಲೇ ಇಲ್ಲ. ಅದರ ಕಂಟ್ರೋಲರ್ ನಿಮ್ಮ ಟೀವಿ ಜೊತೆಗಲ್ಲ, ವೈಫೈ ಮೂಲಕ ನೇರ ಗೂಗಲ್ ಸರ್ವರ್ ಜೊತೆ ಮಾತಾಡ್ತಿತ್ತು. ಒಳಗೆ ಬ್ಲೂಟೂತ್ ಚಿಪ್ ಇತ್ತು, ಆಟಕ್ಕೆ ಬಳಸೋಕೆ ಬಿಟ್ಟಿರಲಿಲ್ಲ. 2023ರ ಜನವರಿ 18ಕ್ಕೆ ಸೇವೆ ನಿಂತಿತು. ಸರ್ವರ್ ಇಲ್ಲದ ಮೇಲೆ ವೈರ್‌ಲೆಸ್ ಕಂಟ್ರೋಲರ್ ಅಂದರೆ ವೈರ್ ಚುಚ್ಚಿದಾಗ ಮಾತ್ರ ಉಸಿರಾಡೋ ಪ್ಲಾಸ್ಟಿಕ್ಕು. ಗೂಗಲ್ ಒಂದು ಒಳ್ಳೆ ಕೆಲಸ ಮಾಡಿತು: ಬ್ರೌಸರಿನಲ್ಲೇ ಫರ್ಮ್‌ವೇರ್ ಬದಲಿಸಿ ಬ್ಲೂಟೂತ್ ಬಿಡುಗಡೆ ಮಾಡೋ ಪುಟ ಕೊಟ್ಟಿತು. ಅದಕ್ಕೂ ಗಡುವು ಇಟ್ಟರು, ಮೊದಲು 2023ರ ಕೊನೆ ಅಂದರು, ಆಮೇಲೆ ಮುಂದಕ್ಕೆ ಹಾಕಿದರು. ನಿಮ್ಮ ಕೈಯಲ್ಲಿರೋ ವಸ್ತುವಿನ ಬೀಗ ತೆಗೆಯೋಕೆ ಬೇರೆಯವರು ಕೊಟ್ಟ ತಾರೀಖು!

ಈಗಿನ ಡ್ಯುಯಲ್‌ಸೆನ್ಸ್ ಬ್ಲೂಟೂತಿನಲ್ಲಿ ಕಂಪ್ಯೂಟರಿಗೆ ಸಲೀಸಾಗಿ ಸೇರ್ಕೊಳ್ಳುತ್ತೆ. ಆದರೆ ಬಿಲ್ಲಿನ ಹಗ್ಗ ಎಳೆದ ಹಾಗೆ ಟ್ರಿಗರ್ ಬಿಗಿಯಾಗೋದು, ಮಳೆ ಹನಿ ಅಂಗೈಗೆ ತಾಗಿದ ಹಾಗೆ ಕಂಪಿಸೋದು, ಆ ಮಜಾ ಎಲ್ಲ ಬೇಕು ಅಂದರೆ ಎಷ್ಟೋ ಪಿಸಿ ಆಟಗಳಲ್ಲಿ ಯುಎಸ್‌ಬಿ ವೈರನ್ನೇ ಚುಚ್ಚಬೇಕು.