ಡಂಬಳದ ತಾರಾದೇವಿ

ನಮ್ಮ ಇಟಗಿಯ ಮಹಾದೇವ ಗುಡಿಯನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇದನ್ನು ಕಟ್ಟಿಸಿದ. ಒಮ್ಮೆ ಗುಡಿಯ ಮುಂದೆ ನಿಂತಾಗ ನೆರೆಮನೆಯಾಕೆ ಕೇಳಿದರು: “ಇಂಥಾ ಗುಡಿ ಕಟ್ಟಿದವರೇ ಬೌದ್ಧರನ್ನು ಓಡಿಸಿದರಂತ, ಹೌದೇನ್ರೀ?”

ಉತ್ತರಕ್ಕೆ ಗದಗ ಸೀಮೆಯ ಡಂಬಳಕ್ಕೆ ಹೋಗಬೇಕು. ಅದೇ ಅರಸನ ಕಾಲದ, 1095ರ ಶಾಸನ ಅಲ್ಲಿದೆ. ಬುದ್ಧನಿಗೂ ಆರ್ಯತಾರಾದೇವಿಗೂ ಊರಿನ ಹದಿನಾರು ಸೆಟ್ಟಿಗಳು ವಿಹಾರ ಕಟ್ಟಿಸಿದ್ದರು. ಆಗ ಹದಿನೆಂಟು ಅಗ್ರಹಾರಗಳನ್ನೂ ಡಂಬಳವನ್ನೂ ಆಳುತ್ತಿದ್ದವಳು ರಾಣಿ ಲಕ್ಷ್ಮಾದೇವಿ. ವೇದ ಓದುವವರೂ ಬುದ್ಧನಿಗೆ ಕೈಮುಗಿಯುವವರೂ ಒಬ್ಬಳೇ ಒಡತಿಯ ನೆರಳಿನಲ್ಲಿದ್ದರು. ಅದಕ್ಕೂ ಮೊದಲೇ ಬಳ್ಳಿಗಾವೆಯಲ್ಲಿ ತಾರೆಯ ಮೂರ್ತಿ ಮಾಡಿಸಿದವಳೂ ಒಬ್ಬ ಹೆಂಗಸು, ನಾಗಿಯಕ್ಕ.

ಹಾಗೆಂದು ನೋವೇ ಇರಲಿಲ್ಲ ಎನ್ನಲಾರೆ. 1986ರಲ್ಲಿ ಕಲಬುರಗಿ ಕಡೆಯ ಸನ್ನತಿಯಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಪೀಠಕ್ಕಾಗಿ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆದರೆ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅದೇ ಅಶೋಕನ ಅಕ್ಷರಗಳು ಬಂಡೆಯ ಮೇಲೆ ಉಳಿದುಬಂದಿವೆ. ಸನ್ನತಿಯಲ್ಲಿ ದ್ವೇಷಕ್ಕಿಂತ ಮರೆವೇ ಹೆಚ್ಚು ಕೆಲಸ ಮಾಡಿತೆಂದು ನನಗನ್ನಿಸುತ್ತದೆ. ಆ ಲಿಪಿಯನ್ನು ಓದುವುದನ್ನೇ ನಾಡು ಮರೆತಿತ್ತಲ್ಲ!

ಒಂದು ಧರ್ಮ ಅಳಿಯಲು ಗುಡಿ ಒಡೆಯಲೇಬೇಕೆಂದಿಲ್ಲ. ದೀಪಕ್ಕೆ ಎಣ್ಣೆ ಹಾಕುವ ಕೈ ನಿಂತರೂ ಸಾಕು. ಮಕ್ಕಳಿಗೆ ಒಡೆದವರ ಕಥೆಯನ್ನು ಮುಚ್ಚಿಡಬೇಡಿ, ಅದೊಂದನ್ನೇ ಹೇಳಲೂಬೇಡಿ. ಇಟಗಿಯ ದಂಡನಾಯಕನ ಜೊತೆಗೆ ಡಂಬಳದ ಸೆಟ್ಟಿಗಳನ್ನೂ ಬಳ್ಳಿಗಾವೆಯ ನಾಗಿಯಕ್ಕನನ್ನೂ ನೆನೆಯಿರಿ. ಪಕ್ಕದ ಮನೆಯ ದೇವರು ಬೇರೆಯಾದರೆ ಹೇಗಿರಬೇಕೆಂಬುದನ್ನು ಮಕ್ಕಳು ಅಲ್ಲಿಂದಲೇ ಕಲಿತಾರು.