ಗಿಡ ಕಡಿದರೆ ಕೆಲಸ ಮುಗೀಲಿಲ್ಲ: ಅಂಗಳದ ಬೊಡ್ಡಿ ತೆಗೆಸಿ ಹುಲ್ಲು ಹಚ್ಚುವವರು ತಿಳಿದಿರಬೇಕಾದ ಸಂಗತಿಗಳು

ಯಾದಗಿರಿ: ಮನೆ ಮುಂದಿನ ಜಾಲಿ ಕಡಿಸಿ, ಬೊಡ್ಡಿ ಮ್ಯಾಲೆ ನಾಲ್ಕು ಬುಟ್ಟಿ ಮಣ್ಣು ಸುರಿದು, ಅದರ ಮ್ಯಾಲೆ ಹುಲ್ಲು ಹಚ್ಚಿದರೆ ಅಂಗಳ ಚಂದ ಆಯಿತು ಅಂತ ತಿಳಿಯುವವರು ಬಹಳ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ. ಹುಲ್ಲಿನ ನಡುವೆ ಮುಳ್ಳಿನ ಚಿಗುರು ಎದ್ದಿರುತ್ತವೆ. ಬೇರೆ ಗಿಡದ ಬೊಡ್ಡಿಯಾದರೆ ಒಳಗೊಳಗೇ ಕೊಳೆತು, ಒಂದೆರಡು ವರ್ಷದಲ್ಲಿ ಅಲ್ಲಿ ತಗ್ಗು ಬೀಳುತ್ತದೆ. ಕೊಳೆತ ಕಟ್ಟಿಗೆಗೆ ಹತ್ತಿದ ಗೆದ್ದಲು ಅಲ್ಲಿಂದ ಬಾಗಿಲ ಚೌಕಟ್ಟಿಗೂ ದಾರಿ ಮಾಡಿಕೊಳ್ಳುತ್ತದೆ.

ಹೀಗಾಗಿ ಗಿಡ ಕಡಿಸುವ ದಿನವೇ ಬೊಡ್ಡಿಯ ಲೆಕ್ಕ ಹಾಕಬೇಕು. ಯಾದಗಿರಿ, ಶಹಾಪುರ, ಸುರಪುರ ಭಾಗದ ಮಣ್ಣು, ಮಳೆ, ಗಿಡಗಳಿಗೆ ಹೊಂದುವಂಥ ಮಾಹಿತಿ ಇಲ್ಲಿದೆ.

ಮೊದಲು ಗಿಡ ಯಾವುದು ನೋಡ್ರಿ

ಎಲ್ಲ ಬೊಡ್ಡಿಗೂ ಒಂದೇ ಮದ್ದು ನಡೆಯಲ್ಲ.

* ಬಳ್ಳಾರಿ ಜಾಲಿ: ನಮ್ಮ ಕಡೆ ಅತಿ ಹೆಚ್ಚು ಕಾಡುವುದು ಇದೇ. ಮೂಲ ಇಲ್ಲಿಯದಲ್ಲ, ಅಮೆರಿಕ ಖಂಡದ ಗಿಡ. 1877ರ ಸುಮಾರಿಗೆ ಭಾರತಕ್ಕೆ ಬಂತು. ನೆಲಮಟ್ಟಕ್ಕೆ ಕಡಿದರೆ ಒಂದರ ಬದಲು ಹತ್ತು ಚಿಗುರುತ್ತದೆ. ಚಿಗುರುವ ಕಣ್ಣುಗಳು ಬೇರು ಮತ್ತು ಕಾಂಡ ಕೂಡುವ ಗಂಟಿನಲ್ಲಿರುತ್ತವೆ. ಆದ್ದರಿಂದ ನೆಲದ ಕೆಳಗೆ ಕನಿಷ್ಠ ಒಂದು ಅಡಿವರೆಗೆ ಆ ಗಂಟು ಪೂರ್ತಿ ಹೋಗಬೇಕು. ಅದರ ಕೆಳಗಿನ ತಾಯಿಬೇರನ್ನು ಬೆನ್ನು ಹತ್ತಿ ಹೋಗುವ ಅಗತ್ಯವಿಲ್ಲ, ಹೋದರೂ ಮುಗಿಯಲ್ಲ. ಅಮೆರಿಕದ ಅರಿಜೋನಾದ ಒಂದು ಗಣಿಯಲ್ಲಿ ಇದೇ ಕುಲದ ಗಿಡದ ಬೇರು 50 ಮೀಟರಿಗಿಂತ ಆಳದಲ್ಲಿ ಸಿಕ್ಕ ದಾಖಲೆ ಇದೆ.
* ಬೇವು, ಹೊಂಗೆ: ಇವೂ ಚಿಗುರುತ್ತವೆ. ಅಡ್ಡಬೇರು ಗಾಯವಾದ ಕಡೆಯಿಂದಲೂ ಮರಿ ಏಳಬಹುದು. ಬೊಡ್ಡಿ ಜತೆ ಸುತ್ತಲಿನ ಎರಡು ಮೂರು ಅಡಿಯ ಅಡ್ಡಬೇರೂ ತೆಗೆದರೆ ಒಳ್ಳೆಯದು.
* ನೀಲಗಿರಿ, ಸುಬಾಬುಲ್: ಕಡಿದಷ್ಟೂ ಜೋರಾಗಿ ಚಿಗುರುವ ಜಾತಿ. ಪೂರ್ತಿ ಕೀಳಬೇಕು.
* ತೆಂಗು: ಮತ್ತೆ ಚಿಗುರುವುದಿಲ್ಲ, ಬೇರೂ ನಾರಿನಂಥವು. ಆದರೆ ಕೊಳೆಯುವ ತೆಂಗಿನ ಬೊಡ್ಡಿಯಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ. ಅಂಗಳದಲ್ಲಿ ಅಥವಾ ಪಕ್ಕದ ಮನೆಯಲ್ಲಿ ಬೇರೆ ತೆಂಗು ಇದ್ದರೆ ಬೊಡ್ಡಿ ಬಿಡಬಾರದು.

ಅನುಮತಿ ಬೇಕಾ?

ಸ್ವಂತ ಜಾಗದ ಗಿಡವಾದರೂ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿಯ ವಿಚಾರಣೆಗೆ ತಾಲೂಕಿನ ಅರಣ್ಯ ಕಚೇರಿಗೆ ಹೋಗಬೇಕು. ತೆಂಗು, ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿ ಮುಂತಾದ ಕೆಲವು ಜಾತಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬೇವಿಗೆ ಆ ವಿನಾಯಿತಿ ಇದೆ ಅಂತ ತಿಳಿದು ಕೊಡಲಿ ಹಾಕಬಾರದು. ಅನುಮತಿ ಕೊಡುವಾಗ ಬದಲಿಗೆ ಬೇರೆ ಸಸಿ ನೆಡಬೇಕು ಎಂಬ ಷರತ್ತೂ ಬರಬಹುದು.

ಶ್ರೀಗಂಧದ ವಿಷಯ ಬೇರೆಯೇ. ಅದರ ಬೇರಿನಲ್ಲೂ ಎಣ್ಣೆ ಇರುತ್ತದೆ, ಬೊಡ್ಡಿಗೂ ಬೆಲೆ ಇದೆ. ಅರಣ್ಯ ಇಲಾಖೆಗೆ ತಿಳಿಸದೆ ಅಗೆದರೆ, ಸಾಗಿಸಿದರೆ ಕೇಸು ಬೀಳುತ್ತದೆ.

ಅಂಗಡಿ ಮುಂದಿನ ಬೊಡ್ಡಿ

ರಸ್ತೆ ಬದಿ, ಗಟಾರದ ಪಕ್ಕ ಉಳಿದ ಬೊಡ್ಡಿ ಅಂಗಡಿಯವರಿಗೆ ದಿನದ ತಲೆನೋವು. ಗಿರಾಕಿ ಎಡವುತ್ತಾರೆ, ಬೈಕ್ ನಿಲ್ಲಿಸಲು ಆಗಲ್ಲ. ಆದರೂ ಆ ಜಾಗ ಅಂಗಡಿಯವರದಲ್ಲ. ಊರೊಳಗಿನ ರಸ್ತೆಯಾದರೆ ನಗರಸಭೆಗೆ, ಹೆದ್ದಾರಿಯಾದರೆ ಆಯಾ ಲೋಕೋಪಯೋಗಿ ಅಥವಾ ಹೆದ್ದಾರಿ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿ ಜತೆ ಫೋಟೊ, ಜಾಗದ ಗುರುತು ಇರಲಿ. ಸ್ವೀಕೃತಿ ಪಡೆಯದೆ ಬರಬಾರದು. ನಾಲ್ಕೈದು ಅಂಗಡಿಯವರು ಕೂಡಿ ಸಹಿ ಮಾಡಿದ ಒಂದೇ ಅರ್ಜಿಗೆ ತೂಕ ಜಾಸ್ತಿ. ತಾವೇ ಅಗೆಯಲು ಹೋಗಿ ನೀರಿನ ಪೈಪ್ ಒಡೆದರೆ ಖರ್ಚೂ ಜಗಳವೂ ತಮ್ಮ ತಲೆಗೇ.

ಯಾವಾಗ ತೆಗೆಯಬೇಕು?

ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಿನಂತಾಗಿ ಹಾರೆ ಇಳಿಯಲ್ಲ. ಮಳೆಗಾಲದ ನಡುವೆ ಅದೇ ಮಣ್ಣು ಸಲಿಕೆಗೆ ಅಂಟಿ ಬಿಡಲ್ಲ. ರೋಹಿಣಿ ಮಳೆ ಒಂದೆರಡು ಸಲ ಬಿದ್ದು ನೆಲ ಹದಕ್ಕೆ ಬಂದಾಗ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ಕೆಲಸ ಹಗುರ. ಮಳೆ ಬಾರದಿದ್ದರೆ ಹಿಂದಿನ ಸಂಜೆ ಬೊಡ್ಡಿ ಸುತ್ತ ನೀರು ನಿಲ್ಲಿಸಿ, ಮರುದಿನ ಅಗೆಯಬಹುದು. ಮಸಾರಿ ಮಣ್ಣಿನಲ್ಲಿ ಇಷ್ಟು ಕಾಯಬೇಕಿಲ್ಲ. ಶಹಾಪುರ, ಸುರಪುರದ ಗುಡ್ಡದ ಬುಡದ ಮನೆಗಳಲ್ಲಿ ಬೇರು ಬಂಡೆ ಸಂದಿಗೆ ಇಳಿದಿರುತ್ತದೆ. ಅಲ್ಲಿ ಪೂರ್ತಿ ಕೀಳುವ ಹಟ ಬಿಟ್ಟು, ಬಂಡೆ ಮಟ್ಟಕ್ಕೆ ಕತ್ತರಿಸುವುದೇ ಲೇಸು.

ಕೈಯಿಂದ ತೆಗೆಯುವ ರೀತಿ

1. ಬೊಡ್ಡಿ ಕೀಳಿಸುವುದಿದ್ದರೆ ಗಿಡವನ್ನು ನೆಲಮಟ್ಟಕ್ಕೆ ಕಡಿಸಬಾರದು. ಮೂರು ನಾಲ್ಕು ಅಡಿ ಕಾಂಡ ಬಿಡಬೇಕು. ಕೊನೆಗೆ ಅದನ್ನೇ ಸನ್ನೆಗೋಲಿನಂತೆ ಹಿಡಿದು ಅಲ್ಲಾಡಿಸಲು ಬರುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.
2. ಕೈ ಹಾಕುವ ಮೊದಲು ಉದ್ದ ಕಟ್ಟಿಗೆಯಿಂದ ಪೊಟರೆ, ಬಿರುಕು ತಡವಿ ನೋಡಬೇಕು. ಹಳೇ ಬೊಡ್ಡಿಯಲ್ಲಿ ಹಾವು, ಚೇಳು ಇರುವುದು ಸಾಮಾನ್ಯ. ಕಚ್ಚಿದರೆ ಮಂತ್ರ, ನಾಟಿ ಮದ್ದು ಅಂತ ಹೊತ್ತು ಕಳೆಯದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.
3. ಬೊಡ್ಡಿಯಿಂದ ಎರಡು ಅಡಿ ಬಿಟ್ಟು ಸುತ್ತಲೂ ಕಾಲುವೆಯಂತೆ ಅಗೆಯಬೇಕು. ಮೇಲಿನ ಒಳ್ಳೆ ಮಣ್ಣು ಒಂದು ಕಡೆ, ಕೆಳಗಿನ ಮಣ್ಣು ಇನ್ನೊಂದು ಕಡೆ ಹಾಕಬೇಕು.
4. ಅಡ್ಡಬೇರು ಕಂಡಾಗ ಮಣ್ಣು ಕೆರೆದು, ನೀರು ಹಾಕಿ ತೊಳೆದು ಆಮೇಲೆ ಕೊಡಲಿ ಹಾಕಬೇಕು. ಮಣ್ಣು, ಕಲ್ಲಿಗೆ ಬಿದ್ದ ಕೊಡಲಿಯ ಬಾಯಿ ಒಂದೇ ಏಟಿಗೆ ಹೋಗುತ್ತದೆ.
5. ಪ್ರತಿ ಬೇರನ್ನು ಎರಡು ಕಡೆ ಕಡಿದು ನಡುವಿನ ತುಂಡು ತೆಗೆದರೆ ಒಳಗೆ ಕೈಯಾಡಿಸಲು ಜಾಗ ಸಿಗುತ್ತದೆ.
6. ಬಿಟ್ಟ ಕಾಂಡ ಹಿಡಿದು ಆಚೆ ಈಚೆ ಅಲ್ಲಾಡಿಸಿದರೆ ಯಾವ ಕಡೆ ಬೇರು ಹಿಡಿದಿದೆ ಗೊತ್ತಾಗುತ್ತದೆ. ಕೊನೆಗೆ ತಾಯಿಬೇರು ಕಡಿಯಬೇಕು.

ಜಾಲಿ ಮುಳ್ಳು ಚಪ್ಪಲಿ ತೂರಿ ಬರುತ್ತದೆ. ಬೂಟು, ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಮುಳ್ಳು ಆಳಕ್ಕೆ ನಟ್ಟರೆ ಟಿಟಿ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಬೇಕು. ಕೂಲಿ ಮಾತಾಡುವಾಗ ದಿನದ ಲೆಕ್ಕವೋ ಬೊಡ್ಡಿಯ ಲೆಕ್ಕವೋ, ಗುಂಡಿ ಮುಚ್ಚುವುದು ಅದರಲ್ಲೇ ಬರುತ್ತದೋ ಇಲ್ಲವೋ ಎಂಬುದು ಮೊದಲೇ ತೀರ್ಮಾನವಾಗಲಿ.

ಜೆಸಿಬಿ ತರುವ ಮುನ್ನ

ನಾಲ್ಕೈದು ದೊಡ್ಡ ಬೊಡ್ಡಿ ಇದ್ದರೆ ಜೆಸಿಬಿ ಅಗ್ಗ. ಒಂದೇ ಬೊಡ್ಡಿಗೆ ಕರೆಸಿದರೆ ಬಂದು ಹೋಗುವ ಬಾಡಿಗೆಯೇ ಭಾರ. ಗಾಡಿ ಒಳಗೆ ಬರಲು ಸುಮಾರು ಎಂಟು ಅಡಿ ಅಗಲದ ದಾರಿ ಬೇಕು. ಗೋಡೆ, ಸೆಪ್ಟಿಕ್ ಟ್ಯಾಂಕ್, ಬೋರ್‌ವೆಲ್ ಹತ್ತಿರದ ಬೊಡ್ಡಿಗೆ ಜೆಸಿಬಿ ಬೇಡವೇ ಬೇಡ. ಬೇರು ಕಿತ್ತಾಗ ಅದರ ಜತೆ ಪಾಯದ ಕಲ್ಲೂ ಎದ್ದು ಬರಬಹುದು. ಮಣ್ಣಿನ ಗಾರೆಯ ಹಳೇ ಕಲ್ಲುಗೋಡೆಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಮೇಲೆ ಕರೆಂಟ್ ತಂತಿ ಇದ್ದರೆ ಮೊದಲು ಜೆಸ್ಕಾಂಗೆ ತಿಳಿಸಬೇಕು. ಸಹಾಯವಾಣಿ 1912.

ಹಳೇ ಮನೆಗಳ ಅಂಗಳದಲ್ಲಿ ಇನ್ನೊಂದು ಸಂಗತಿ ಇದೆ. ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವು ಮುಚ್ಚಿ ಮರೆತುಹೋಗಿರುತ್ತವೆ. ಅದರ ಮೇಲೆ ಜೆಸಿಬಿ ಚಕ್ರ ಬಂದರೆ ನೆಲವೇ ಕುಸಿಯಬಹುದು. ಮನೆಯ ಹಿರಿಯರನ್ನು ಕೇಳಿಯೇ ಗಾಡಿ ಒಳಗೆ ಬಿಡಬೇಕು. ಅಗೆಯುವಾಗ ಹಗೇವು ತೆರೆದುಕೊಂಡರೆ ಯಾರೂ ಒಳಗೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಜೀವ ಹೋಗುತ್ತದೆ. ಹಿಂದಿನವರು ಬಾಯಿ ತೆರೆದು ಬಹಳ ಹೊತ್ತು ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದುದು ಇದಕ್ಕೇ.

ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಎಳೆಯುವುದೂ ನಡೆದಿದೆ. ಸರಪಳಿ ಮೇಲೆ ಕಟ್ಟಿದರೆ ಟ್ರ್ಯಾಕ್ಟರ್ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚಿ ಬೀಳುತ್ತದೆ, ಚಾಲಕನ ಪ್ರಾಣಕ್ಕೇ ಅಪಾಯ. ಕಟ್ಟುವುದೇ ಆದರೆ ಹಿಂದಿನ ಕೆಳಗಿನ ಕೊಂಡಿಗೇ ಕಟ್ಟಬೇಕು. ಬೇರು ಮೊದಲೇ ಕಡಿದಿರಬೇಕು. ಸರಪಳಿ ಹರಿದರೆ ಬಡಿಯುವಷ್ಟು ದೂರದೊಳಗೆ ಯಾರೂ ನಿಲ್ಲಬಾರದು.

ಉಪ್ಪು, ಆಯಿಲ್, ಬೆಂಕಿ ಬೇಡ

ಬೊಡ್ಡಿಗೆ ಉಪ್ಪು ತುಂಬಿದರೆ ಸಾಯುತ್ತದೆ ಅಂತ ಹೇಳುವವರಿದ್ದಾರೆ. ಜಾಲಿ ಉಪ್ಪು ನೆಲದಲ್ಲೂ ಬೆಳೆಯುವ ಗಿಡ, ಅದು ಅಷ್ಟಕ್ಕೆ ಸಾಯಲ್ಲ. ಕೆಡುವುದು ಮಣ್ಣು, ಮುಂದೆ ಹುಲ್ಲೇ ಹತ್ತಲ್ಲ. ಗ್ಯಾರೇಜಿನ ಸುಟ್ಟ ಆಯಿಲ್ ಸುರಿದರೂ ಇದೇ ಕಥೆ.

ಬೆಂಕಿ ಹಚ್ಚಿದರೆ ಮೇಲೆ ಆರಿದಂತೆ ಕಂಡರೂ ಬೇರು ನೆಲದೊಳಗೆ ದಿನಗಟ್ಟಲೆ ಕೆಂಡವಾಗಿರುತ್ತದೆ. ಮೇಲಿನ ಬೂದಿ ನೋಡಿ ಮಕ್ಕಳು ಕಾಲಿಟ್ಟರೆ ಗತಿ ಏನು? ಕಸ, ಕಟ್ಟಿಗೆಯನ್ನು ಸಾರ್ವಜನಿಕ ಜಾಗದಲ್ಲಿ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ನಿಷೇಧಿಸಿದ್ದವು. ಕಿತ್ತ ಜಾಲಿ ಬೊಡ್ಡಿ ಒಳ್ಳೆ ಉರುವಲು. ಒಲೆಗೆ, ಇಟ್ಟಿಗೆ ಭಟ್ಟಿಗೆ ಒಯ್ಯುವವರು ಸಿಗುತ್ತಾರೆ. ಗೋಡೆಗೆ ತಾಗಿಸಿ ಒಟ್ಟಿಡಬಾರದು, ಗೆದ್ದಲು ಬರುತ್ತದೆ.

ಗುಂಡಿ ಮುಚ್ಚುವುದೇ ಅರ್ಧ ಕೆಲಸ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಗುಂಡಿಗೆ ಒಮ್ಮೆಲೇ ಸುರಿದರೆ ಮಳೆಗೆ ಕುಸಿಯುವುದು ಖಾತ್ರಿ. ಕಡಿದ ಬೇರಿನ ಚೂರು ಆರಿಸಿ ತೆಗೆದು, ಮೊದಲು ಕೆಳಗಿನ ಮಣ್ಣಿಗೆ ಸ್ವಲ್ಪ ಗರಸು ಕೂಡಿಸಿ ಅರ್ಧ ಅಡಿ ಹಾಕಬೇಕು. ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಬೇಕು. ಹೀಗೆ ಪದರ ಪದರವಾಗಿ ತುಂಬಿ, ಮೇಲಿನ ಒಂದು ಅಡಿಗೆ ತೆಗೆದಿಟ್ಟ ಒಳ್ಳೆ ಮಣ್ಣು ಹಾಕಬೇಕು. ನೆಲಕ್ಕಿಂತ ನಾಲ್ಕು ಇಂಚು ಎತ್ತರ ಬಿಟ್ಟು ಒಂದೆರಡು ದೊಡ್ಡ ಮಳೆ ಆಗುವವರೆಗೆ ಕಾಯಬೇಕು. ಮಟ್ಟ ಮಾಡುವಾಗ ಇಳಿಜಾರು ಮನೆಯಿಂದ ಹೊರಗೆ ಇರಲಿ.

ಯಾವ ಹುಲ್ಲು?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹೆಚ್ಚು ನೀರು ಕೇಳುವ ಹುಲ್ಲು ಸಾಕುವುದು ಕಷ್ಟ. ಹೊಲದಲ್ಲಿ ರೈತರು ಬೈಯುತ್ತಾ ಕಿತ್ತು ಹಾಕುವ ಕರಿಕೆಯೇ ಅಂಗಳಕ್ಕೆ ತಕ್ಕದ್ದು. ಒಣಗಿದಂತೆ ಕಂಡರೂ ಮಳೆಗೆ ಮತ್ತೆ ಹಸಿರಾಗುತ್ತದೆ, ತುಳಿದರೂ ತಾಳುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಬೇರು ಸಮೇತ ತುಂಡುಗಳನ್ನು ನಾಲ್ಕೈದು ಬೆರಳು ಅಂತರದಲ್ಲಿ ಹಚ್ಚಬೇಕು. ದಟ್ಟ ನೆರಳಿನಲ್ಲಿ ಕರಿಕೆ ಬರಲ್ಲ. ಬೇವಿನ ಗಿಡ ಉಳಿಸಿಕೊಂಡವರು ಅದರ ಬುಡದಲ್ಲಿ ಹುಲ್ಲಿನ ಆಸೆ ಬಿಟ್ಟು ಕಟ್ಟೆ ಕಟ್ಟಿಸಿದರೆ ಕೂಡಲಿಕ್ಕಾದರೂ ಆಗುತ್ತದೆ.

ಗೊಬ್ಬರದಲ್ಲೂ ಎಚ್ಚರ ಬೇಕು. ಕುರಿ, ಆಡು, ದನ ಜಾಲಿ ಕಾಯಿ ತಿನ್ನುತ್ತವೆ, ಬೀಜ ಹಾಗೇ ಹಿಕ್ಕೆ, ಸಗಣಿಯಲ್ಲಿ ಬರುತ್ತದೆ. ಹಸಿ ಗೊಬ್ಬರ ಹಾಕಿದರೆ ಕಿತ್ತ ಜಾಲಿಯನ್ನು ಕೈಯಾರೆ ಮತ್ತೆ ಬಿತ್ತಿದಂತೆ. ಚೆನ್ನಾಗಿ ಕೊಳೆತು ಕಳಿತ ತಿಪ್ಪೆ ಗೊಬ್ಬರವನ್ನೇ ಬಳಸಬೇಕು.

ಹಳೇ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ಮೊದಲ ಎರಡು ಮಳೆಗಾಲ ಹದಿನೈದು ದಿನಕ್ಕೊಮ್ಮೆ ಅಂಗಳ ಸುತ್ತಿ ನೋಡಬೇಕು. ಗೇಣುದ್ದದ ಒಳಗಿನ ಜಾಲಿ ಸಸಿ ಹಸಿ ನೆಲದಲ್ಲಿ ಕೈಯಿಂದ ಎಳೆದರೆ ಬೇರು ಸಮೇತ ಬರುತ್ತದೆ. ಮೊಳದುದ್ದ ಬೆಳೆಯಲು ಬಿಟ್ಟರೆ ಮತ್ತೆ ಹಾರೆ, ಗುದ್ದಲಿಯೇ ಬೇಕು.