ಸಂರಚನೆ ಓದುವ ಇಂಟರ್‌ಫೇಸ್: ಮುಳಬಾಗಿಲಿನ ಓದುಗರ ಭಾಷಾಕ್ರಮ ಮತ್ತು ಗೆಟ್‌ಟೆಕ್ಸ್ಟ್

ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು ತಾಲ್ಲೂಕಿನಲ್ಲಿ ಮನೆಮಾತು ತೆಲುಗು, ಓದುಬರಹ ಕನ್ನಡ ಎಂಬ ಕುಟುಂಬಗಳು ಹಲವು. ಇಂಥ ಮನೆಯವರೊಬ್ಬರು ಗ್ನೂ ಲಿನಕ್ಸ್ ಗಣಕದ ಮುಂದೆ ಕುಳಿತಾಗ ಪರದೆಯ ಸೂಚನೆಗಳು ಯಾವ ಭಾಷೆಯಲ್ಲಿ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಗ್ನೂ ಸಿ ಲೈಬ್ರರಿ ಮತ್ತು ಗೆಟ್‌ಟೆಕ್ಸ್ಟ್. ಈ ಎರಡು ಮುಕ್ತ ತಂತ್ರಾಂಶಗಳು ಸಂರಚನೆಯನ್ನು ಓದುವ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಓದುವ ಇಂಟರ್‌ಫೇಸ್ ಬರೀ ಬೆಲೆಯನ್ನು ಕೊಟ್ಟರೆ ಸಾಲದು, ಅದು ಎಲ್ಲಿಂದ ಬಂತು, ಕೇಳಿದ್ದು ಏಕೆ ಸಿಗಲಿಲ್ಲ ಎಂಬುದನ್ನೂ ತಿಳಿಸಬೇಕು ಎಂಬುದು ಈ ಲೇಖನದ ವಾದ.

ಗೆಟ್‌ಟೆಕ್ಸ್ಟ್ ಸಂದೇಶಗಳ ಭಾಷೆಗಾಗಿ ನಾಲ್ಕು ಪರಿಸರ ಚರಗಳನ್ನು ನೋಡುತ್ತದೆ: ಮೊದಲು ‘ಲ್ಯಾಂಗ್ವೇಜ್’, ಬಳಿಕ ‘ಎಲ್‌ಸಿ ಆಲ್’, ‘ಎಲ್‌ಸಿ ಮೆಸೇಜಸ್’, ಕೊನೆಗೆ ‘ಲ್ಯಾಂಗ್’. ಉಳಿದ ಮೂರೂ ಒಂದೊಂದೇ ಲೊಕೇಲ್ (ಭಾಷೆ, ಪ್ರದೇಶಗಳ ರೂಢಿಗಳ ಗುಚ್ಛ) ಹೆಸರನ್ನು ಒಪ್ಪಿದರೆ ‘ಲ್ಯಾಂಗ್ವೇಜ್’ ಭಾಷೆಗಳ ಪಟ್ಟಿಯನ್ನೇ ಒಪ್ಪುತ್ತದೆ. ಕನ್ನಡ, ತೆಲುಗು ಎಂದು ಕ್ರಮವಾಗಿ ಬರೆದರೆ, ಕನ್ನಡ ಅನುವಾದವಿಲ್ಲದ ಸಂದೇಶಕ್ಕೆ ಮಾತ್ರ ತೆಲುಗು ಬರುತ್ತದೆ. ಅದೂ ಇಲ್ಲದಿದ್ದರೆ ಮೂಲದ ಇಂಗ್ಲಿಷ್. ಬಹುಭಾಷಿಕರ ಬದುಕಿಗೆ ಇದಕ್ಕಿಂತ ಹತ್ತಿರದ ವ್ಯವಸ್ಥೆ ಅಪರೂಪ. ಆದರೆ ತೆಲುಗು ಆಡಬಲ್ಲವರೆಲ್ಲ ತೆಲುಗು ಲಿಪಿ ಓದಬಲ್ಲರೆಂದು ಭಾವಿಸುವಂತಿಲ್ಲ. ಮನೆಮಾತನ್ನು ಕೇಳಿ ಈ ಪಟ್ಟಿ ತುಂಬಿದರೆ ಮುಳಬಾಗಿಲಿನ ಎಷ್ಟೋ ಮಂದಿಗೆ ಅರ್ಧ ಪರದೆ ಓದಲಾಗದು. ಕೇಳಬೇಕಾದದ್ದು ಓದುವ ಭಾಷೆಗಳ ಕ್ರಮವನ್ನು.

ಪಟ್ಟಿ ಸರಿಯಿದ್ದರೂ ಕನ್ನಡ ಕಾಣದಿರುವ ಸಂದರ್ಭವೊಂದಿದೆ. ತೊಡಕು ಇರುವುದು ಅಲ್ಲಿಯೇ. ಸಿ ಭಾಷೆಯ ಮಾನಕದ ಪ್ರಕಾರ ಪ್ರತಿ ಪ್ರೋಗ್ರಾಮ್ ‘ಸಿ’ ಎಂಬ ಲೊಕೇಲ್‌ನಲ್ಲೇ ಆರಂಭವಾಗುತ್ತದೆ. ‘ಸೆಟ್‌ಲೊಕೇಲ್’ ಫಂಕ್ಷನ್ನಿಗೆ ಖಾಲಿ ಹೆಸರು ಕೊಟ್ಟು ಕರೆದಾಗಷ್ಟೇ ಅದು ಪರಿಸರದತ್ತ ನೋಡುತ್ತದೆ. ಡೆಬಿಯನ್‌ನಂಥ ವಿತರಣೆಗಳಲ್ಲಿ ಆಯ್ದ ಲೊಕೇಲ್‌ಗಳನ್ನು ಮಾತ್ರ ಗಣಕದಲ್ಲಿ ಸಿದ್ಧಪಡಿಸುವ ರೂಢಿಯಿದೆ. ಕನ್ನಡದ್ದು ಸಿದ್ಧವಾಗಿಲ್ಲದಿದ್ದರೆ ಆ ಫಂಕ್ಷನ್ ಶೂನ್ಯ ಸೂಚಕವೊಂದನ್ನು ಹಿಂದಿರುಗಿಸಿ ಸುಮ್ಮನಾಗುತ್ತದೆ. ಪ್ರೋಗ್ರಾಮ್ ‘ಸಿ’ಯಲ್ಲೇ ಉಳಿಯುತ್ತದೆ, ‘ಸಿ’ಯಲ್ಲಿರುವಾಗ ಗೆಟ್‌ಟೆಕ್ಸ್ಟ್ ‘ಲ್ಯಾಂಗ್ವೇಜ್’ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡ ಅನುವಾದದ ಕಡತ ಡಿಸ್ಕಿನಲ್ಲಿದ್ದರೂ ಪರದೆ ಪೂರ್ತಿ ಇಂಗ್ಲಿಷ್. ಸಂದೇಶ, ದಿನಾಂಕ ಮೊದಲಾದ ಲೊಕೇಲ್ ವರ್ಗಗಳೆಲ್ಲವನ್ನೂ ಒಟ್ಟಿಗೆ ಓದುವಾಗ ಒಂದು ವರ್ಗ ತಪ್ಪಿದರೂ ಇಡೀ ಕರೆ ವಿಫಲ: ದಿನಾಂಕಕ್ಕೆಂದು ಕೇಳಿದ ತೆಲುಗು ಲೊಕೇಲ್ ಇಲ್ಲದಿದ್ದರೆ ಕನ್ನಡ ಸಂದೇಶಗಳೂ ಮಾಯ. ಕನ್ನಡ ಅನುವಾದವೇ ಆಗಿಲ್ಲವೆಂದು ಬಳಕೆದಾರರು ತಿಳಿಯುತ್ತಾರೆ. ಬಿಡುವಿನ ವೇಳೆಯಲ್ಲಿ ಕೂತು ಸಾಲು ಸಾಲಾಗಿ ಅನುವಾದಿಸಿದವರ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ದೋಷವಲ್ಲ.

ಈ ಮೌನ ಅನಿವಾರ್ಯವೇನಲ್ಲ. ಇದೇ ಸ್ಥಿತಿಯಲ್ಲಿ ಪರ್ಲ್ ಭಾಷೆ ಚರಗಳ ಹೆಸರು, ಬೆಲೆಗಳನ್ನು ಪಟ್ಟಿಮಾಡಿ, ‘ಸಿ’ಗೆ ಹಿಂದಿರುಗುತ್ತಿರುವುದಾಗಿ ಎಚ್ಚರಿಸುತ್ತದೆ. 2016ರ 2.8ನೇ ಆವೃತ್ತಿಯಿಂದ ಗಿಟ್ ಇನ್ನೂ ಮುಂದೆ ಹೋಯಿತು: ‘ಶೋ ಒರಿಜಿನ್’ ಆಯ್ಕೆ ಕೊಟ್ಟರೆ ಪ್ರತಿ ಸಂರಚನೆಯ ಜೊತೆ ಅದು ಬಂದ ಕಡತದ ಹೆಸರೂ ಸಿಗುತ್ತದೆ. ಗಿಟ್‌ಗೆ ಇದು ಸುಲಭ, ಏಕೆಂದರೆ ಅದು ಮುಖ್ಯವಾಗಿ ಓದುವುದು ಕಡತಗಳನ್ನು. ಆದರೆ ಪರಿಸರ ಚರಕ್ಕೆ ಬೆಲೆ ತುಂಬಿದವರು ಯಾರೆಂಬ ಗುರುತು ಉಳಿಯುವುದಿಲ್ಲ. ಡೆಬಿಯನ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಗಣಕಕ್ಕೆ ಹೋದಾಗ ‘ಲ್ಯಾಂಗ್ವೇಜ್’ ಬಿಟ್ಟು ಉಳಿದ ಭಾಷಾ ಚರಗಳೂ ಜೊತೆಗೆ ಹೋಗುತ್ತವೆ. ಹಾಗಿದ್ದರೂ ಯಾವ ಚರವನ್ನು ನಂಬಲಾಯಿತು, ಯಾವ ಲೊಕೇಲ್ ಸಿಗಲಿಲ್ಲ ಎಂಬಷ್ಟನ್ನು ಲೈಬ್ರರಿ ಖಂಡಿತ ಹೇಳಬಲ್ಲದು.

‘ಸೆಟ್‌ಲೊಕೇಲ್’ ಸಿ ಮಾನಕದ ಭಾಗ. ಅದರ ರೂಪ ಬದಲಿಸಿದರೆ ಹಳೆಯ ಪ್ರೋಗ್ರಾಮ್‌ಗಳು ಮುರಿಯುತ್ತವೆ. ಆದ್ದರಿಂದ ಪಕ್ಕದಲ್ಲೇ ಪ್ರತ್ಯೇಕ ವಿಚಾರಣಾ ಫಂಕ್ಷನ್ ಬೇಕು. ಪ್ರತಿ ವರ್ಗಕ್ಕೂ ಅದು ಜಾರಿಯಲ್ಲಿರುವ ಬೆಲೆ, ಅದನ್ನು ಕೊಟ್ಟ ಚರ, ತಿರಸ್ಕೃತವಾದ ಹೆಸರು ಮತ್ತು ಕಾರಣವನ್ನು ಕೊಡಬೇಕು. ಸಂರಚನಾ ಪರದೆ ಅದನ್ನು ಓದಿ, ಕನ್ನಡದ ಲೊಕೇಲ್ ಈ ಗಣಕದಲ್ಲಿ ಸಿದ್ಧವಾಗಿಲ್ಲ, ಸಿದ್ಧಪಡಿಸಲೇ ಎಂದು ಕೇಳಬಹುದು. ಆ ಪ್ರಶ್ನೆಯನ್ನು ಅನುವಾದದ ಕಡತ ನೇರವಾಗಿ ತೆರೆದು ಕನ್ನಡದಲ್ಲೇ ತೋರಿಸಬೇಕು, ಲೊಕೇಲ್ ಸಿದ್ಧವಾಗುವವರೆಗೆ ಕಾಯಬಾರದು.